ಕೋಲ್ಡ್ ಸ್ಟೋರೇಜನ್ನು ಗ್ರಿಡ್ಡಿನ ಮೀಸಲಿಗೆ ಸೇರಿಸುವ ಬಗೆ

ನಾನು ಬೆಳೆದದ್ದು ಹಾಸನದ ಕಡೆ. ಕರೆಂಟು ಹೋದರೆ ಲೈನ್‌ಮನ್‌ಗೆ ಬೈಯುತ್ತಿದ್ದ ಮನೆ ನಮ್ಮದು. ಈಗ ಫಿನ್‌ಲ್ಯಾಂಡಿನಲ್ಲಿ ಕೋಲ್ಡ್ ಸ್ಟೋರೇಜುಗಳ ಕರೆಂಟನ್ನು ಒಂದಷ್ಟು ನಿಮಿಷ ಕೀಳುವುದೇ ನನ್ನ ಕೆಲಸ, ಅದಕ್ಕೆ ಮಾಲೀಕರಿಗೆ ದುಡ್ಡು ಬೇರೆ ಬರುತ್ತದೆ. ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಲೋಡ್ ಶೆಡ್ಡಿಂಗಿಗೂ ಸಂಬಳನಾ?" ಹೌದು, ಆದರೆ ಇಲ್ಲಿ ಏನು ಆರಬೇಕೆಂದು ನಾವೇ ಮೊದಲು ಹೇಳಿರುತ್ತೇವೆ. ಹಣ ಬರುವುದೂ ಹೆಚ್ಚಾಗಿ ಆರಿಸಿದ್ದಕ್ಕಲ್ಲ, ಆರಿಸಲು ಸಿದ್ಧವಾಗಿ ಕೂತಿದ್ದಕ್ಕೆ.

ಉತ್ಪಾದನೆ ಏಕಾಏಕಿ ಕುಸಿದಾಗ ಗ್ರಿಡ್ಡನ್ನು ಕಾಯಲು ಹೀಗೆ ಆರಲು ಸಿದ್ಧವಿರುವ ಲೋಡೇ ಮೀಸಲು. ಅದನ್ನು ಕೊಳ್ಳುವವರು ಫಿಂಗ್ರಿಡ್, ಇಲ್ಲಿನ ಪ್ರಸರಣ ಜಾಲದ ಸಂಸ್ಥೆ. ಮೊದಲ ಸಲ ಇಳಿಯುವವರು ಎಫ್‌ಸಿಆರ್-ಡಿ ನೋಡಿ, ಅಂದರೆ ಫ್ರೀಕ್ವೆನ್ಸಿ ಕುಸಿದಾಗ ಅದನ್ನು ಹಿಡಿದು ನಿಲ್ಲಿಸುವ ಮೀಸಲು. 50 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ 49.9ಕ್ಕಿಂತ ಇಳಿದಾಗ ಕೆಲಸ ಶುರುವಾಗಿ 49.5ರ ಹೊತ್ತಿಗೆ ಮಾತು ಕೊಟ್ಟ ಲೋಡೆಲ್ಲ ಆರಿರಬೇಕು. ಎಫ್‌ಎಫ್‌ಆರ್ ಎಂಬ ಇನ್ನೊಂದು ಮೀಸಲಿಗೆ ಅವಸರ ಜಾಸ್ತಿ: 49.7ಕ್ಕೆ ಸೆಟ್ ಮಾಡಿದರೆ 1.3 ಸೆಕೆಂಡಿನಲ್ಲಿ ಮುಗಿಯಬೇಕು. ಎಫ್‌ಸಿಆರ್-ಡಿಯಲ್ಲಿ ಕನಿಷ್ಠ ಬಿಡ್ 1 ಮೆಗಾವ್ಯಾಟ್. ಒಂದು ಗೋದಾಮಿಗೆ ಅದು ಎಟಕುವುದಿಲ್ಲ, ಹಾಗಾಗಿ ಹತ್ತಾರು ಲೋಡು ಕೂಡಿಸಿ ಮಾರುವ ಅಗ್ರಿಗೇಟರ್ ಜೊತೆ ಸೇರಿಕೊಳ್ಳಿ.

ಈಗ ಅಳತೆ. ಮೋಟಾರಿನ ಫಲಕದ ಮೇಲೆ ಬರೆದ ಕಿಲೋವ್ಯಾಟನ್ನು ನಂಬಲೇಬೇಡಿ. ನಾನು ನಂಬಿ ಕೆಟ್ಟೆ. ಜುಲೈ ತಿಂಗಳಲ್ಲಿ 90 ಕಿಲೋವ್ಯಾಟ್ ಎಳೆಯುತ್ತಿದ್ದ ಕಂಪ್ರೆಸರ್‌ಗಳು ಜನವರಿಯಲ್ಲಿ 55ರ ಆಸುಪಾಸಿಗೆ ಬಂದಿದ್ದವು. ಹೊರಗೇ ಮೈನಸ್ 20 ಇರುವಾಗ ಒಳಗಿನ ಯಂತ್ರಕ್ಕೆ ಏನು ಕೆಲಸ? ಓಡದ ಯಂತ್ರವನ್ನು ಆರಿಸಿ ತೋರಿಸಲಾಗದು, ಕೊಡದ ಮೀಸಲಿಗೆ ದಂಡ ಕಟ್ಟಬೇಕು. ಕಡೇಪಕ್ಷ ಬೇಸಿಗೆ, ಚಳಿಗಾಲ ಎರಡರ ಮೀಟರ್ ಲಾಗ್ ತೆಗೆದು ಗಂಟೆಗಂಟೆಗೆ ಬಿಡ್ ಬದಲಿಸಿ.

ಆಮೇಲೆ ಮಾಲೀಕರ ಭಯ. ಮಾತಿನಿಂದ ಅದು ಹೋಗುವುದಿಲ್ಲ. ಬಾಗಿಲ ಪಕ್ಕದ ಮೇಲಿನ ರ್‍ಯಾಕಿನಲ್ಲಿ, ಬಟಾಣಿ ಪೆಟ್ಟಿಗೆಯ ಒಳಗೇ ಒಂದು ಸೆನ್ಸರ್ ತೂರಿಸಿ, ಅವರ ಎದುರೇ ಕಂಪ್ರೆಸರ್ ಅರ್ಧ ಗಂಟೆ ನಿಲ್ಲಿಸಿ. ಗಾಳಿಯ ಉಷ್ಣಾಂಶ ಬೇಗ ಏರುತ್ತದೆ, ಸಾಮಾನಿನದು ಅಲುಗಾಡುವುದೇ ಕಷ್ಟ. ಉಷ್ಣಾಂಶ ಮೈನಸ್ 18ಕ್ಕೆ ಏರುವ ಮುಂಚೆಯೇ ರಿಲೇ, ಅಂದರೆ ಕಂಪ್ರೆಸರ್ ಆರಿಸುವ ಸ್ವಿಚ್ಚು, ತಾನಾಗಿ ಕರಾರಿನಿಂದ ಹೊರಬರುವಂತೆ ಸೆಟ್ ಮಾಡಿ. ಸರಕು ಮೊದಲು, ಗ್ರಿಡ್ ಆಮೇಲೆ.

ಫ್ರೀಕ್ವೆನ್ಸಿಯನ್ನು ರಿಲೇ ಅಲ್ಲೇ ಅಳೆಯಬೇಕು; ಇಂಟರ್ನೆಟ್ಟಿನಲ್ಲಿ ಆಜ್ಞೆ ಬರಲಿ ಎಂದು ಕಾದರೆ ತಡವಾದೀತು. ವಾಪಸ್ ಬರುವಾಗ ಎಲ್ಲ ಕಂಪ್ರೆಸರ್ ಒಟ್ಟಿಗೆ ಎದ್ದರೆ ಫ್ಯೂಸಿಗೂ ಕಷ್ಟ, ಗ್ರಿಡ್ಡಿಗೂ ಕಷ್ಟ. ಒಂದೊಂದಕ್ಕೆ ಬೇರೆ ಬೇರೆ ತಡ ಕೊಡಿ. ಇದು ಸಣ್ಣವರ ಆಟ ಅನ್ನಬೇಡಿ: 1600 ಮೆಗಾವ್ಯಾಟಿನ ಓಲ್ಕಿಲುವೊಟೊ 3 ಅಣುಸ್ಥಾವರ ಏಕಾಏಕಿ ನಿಂತರೆ ಗ್ರಿಡ್ಡಿಗೆ ಬೀಳುವ ಪೆಟ್ಟು 1300ಕ್ಕೆ ನಿಲ್ಲಲೆಂದು, ಕಾರ್ಖಾನೆಗಳ ಸುಮಾರು 300 ಮೆಗಾವ್ಯಾಟ್ ಲೋಡು ಜೊತೆಗೇ ಆರುವ ಏರ್ಪಾಡಿದೆ.

ಕೊನೆಗೆ ರಾತ್ರಿಪಾಳಿಯವರಿಗೆ ಹೇಳಿಡಿ. ಒಮ್ಮೆ ರಿಲೇ ಸರಿಯಾಗಿಯೇ ಕೆಲಸ ಮಾಡಿತ್ತು. ಫೋರ್ಕ್‌ಲಿಫ್ಟ್ ಓಡಿಸುವ ಹುಡುಗ ಸದ್ದು ನಿಂತದ್ದು ಕೇಳಿ ಓಡಿಬಂದು, ಪಾಪ, ಕೈಯಿಂದಲೇ ಸ್ಟಾರ್ಟ್ ಒತ್ತಿಬಿಟ್ಟ. ಈಗ ಪ್ರತಿ ಪ್ಯಾನೆಲ್ಲಿನ ಬಾಗಿಲಿಗೂ ಫಿನಿಷ್‌ನಲ್ಲಿ ಚೀಟಿ ಅಂಟಿಸುತ್ತೇನೆ: ಕೆಟ್ಟಿಲ್ಲ, ಮುಟ್ಟಬೇಡಿ.