ತೂಕದ ಚೀಟಿ ಸೇವ್ ಆಗದೆ ಸತಾಯಿಸಿದ ಸರ್ವರ್: ನನ್ನ ಅನುಭವ

ರಾಯಚೂರಿನ ಒಂದು ಹತ್ತಿ ಅಡತಿ ಅಂಗಡಿಗೆ ತೂಕದ ಚೀಟಿಗಳನ್ನು ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಹಾಕಿಕೊಟ್ಟವನು ನಾನೇ. ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಹತ್ತಿ ಬರೋಕೆ ಶುರುವಾಗಿ ಗಾಡಿಗಳು ಸಾಲು ಹಚ್ಚಿದ ಮೇಲೆ ಚೀಟಿ ಸೇವ್ ಮಾಡಿದರೆ ಪರದೆ ಸುಮ್ನೆ ಸುತ್ತುತ್ತಾ ಕೂರುತ್ತಿತ್ತು. "ಏನ್ ತಮ್ಮಾ, ಮತ್ತ ನಿಂತೈತಲ್ಲೋ ನಿನ್ನ ಮಷೀನು" ಅಂತ ಸಾವ್ಕಾರ್ರ ಫೋನು.

ಮೊದಲು ರ‍್ಯಾಮ್ ಹೆಚ್ಚಿಸಿದೆ. ದುಡ್ಡು ದಂಡ. ಆಮೇಲೆ ಡಿಸ್ಕ್ ಕಡೆ ನೋಡಿದರೆ, ಡೇಟಾಬೇಸ್ ಬರೆಯೋದು ಚೂರೇ ಚೂರು, ಡಿಸ್ಕ್ ಓದಿ ಬರೆಯೋದು ಅದರ ಎಷ್ಟೋ ಪಟ್ಟು. ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡುವ ಭಾಗ ಇನ್ನೊಡಿಬಿ. ಅದು ಒಂದು ಸಲಕ್ಕೆ ಓದಿ ಬರೆಯುವ ತುಂಡು, ಅಂದರೆ ಪೇಜ್, 16 ಕೆಬಿ. ಅದರ ಕೆಳಗೆ ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ ಝಡ್‌ಎಫ್‌ಎಸ್ ಇತ್ತು, ಅದರ ರೆಕಾರ್ಡ್‌ಸೈಜ್, ಅಂದರೆ ಅದು ಬರೆಯುವ ತುಂಡಿನ ಅಳತೆ, ನಾನು ಮುಟ್ಟದೆ ಬಿಟ್ಟ 128 ಕೆಬಿ. ಒಂದು ಪೇಜ್ ಬದಲಾದರೂ ಎಂಟು ಪೇಜಿನಷ್ಟು ಮತ್ತೆ ಬರೆಯಬೇಕು. ಹಿಡಿ ಹತ್ತಿಗಾಗಿ ಇಡೀ ಅಂಡಿಗೆ ಬಿಚ್ಚಿ ಮತ್ತೆ ಹೊಲಿದಂತೆ, ಅಲ್ವಾ?

ರೆಕಾರ್ಡ್‌ಸೈಜ್ 16 ಕೆಬಿ ಮಾಡಿದೆ. ಏನೂ ಬದಲಾಗಲಿಲ್ಲ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಈ ಸೆಟ್ಟಿಂಗ್ ಹೊಸದಾಗಿ ಹುಟ್ಟುವ ಫೈಲುಗಳಿಗೆ ಮಾತ್ರ, ಹಳೆಯವು ಹಳೆ ಅಳತೆಯಲ್ಲೇ ಇರುತ್ತವೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬ್ಯಾಕಪ್ ತೆಗೆದು, ಮೈಎಸ್‌ಕ್ಯೂಎಲ್ ನಿಲ್ಲಿಸಿ, 16 ಕೆಬಿಯ ಹೊಸ ಡೇಟಾಸೆಟ್‌ಗೆ (ಝಡ್‌ಎಫ್‌ಎಸ್ ಒಳಗಿನ ಬೇರೆ ವಿಭಾಗ) ಫೈಲುಗಳನ್ನೆಲ್ಲ ಕಾಪಿ ಮಾಡಿದೆ. ಬದಲಾವಣೆಗಳನ್ನು ಮೊದಲು ಬರೆದಿಡುವ ರೀಡೂ ಲಾಗ್ ಮಾತ್ರ ಬೇರೆ ಡೇಟಾಸೆಟ್‌ನಲ್ಲಿ 128ರಲ್ಲೇ ಬಿಟ್ಟೆ, ಅದು ಸಾಲಾಗಿ ಬರೆಯುವಂಥದ್ದು.

ಇನ್ನೊಡಿಬಿಯ ಪೇಜನ್ನೇ ದೊಡ್ಡದು ಮಾಡಬಹುದಿತ್ತಲ್ಲ ಅಂತ ಗೆಳೆಯ ಕೇಳಿದ. 64 ಕೆಬಿವರೆಗೆ ಆಗುತ್ತದೆ, ಆದರೆ ಅದನ್ನು ಡೇಟಾಬೇಸ್ ಮೊದಲು ಹುಟ್ಟುಹಾಕುವಾಗಲೇ ಹೇಳಬೇಕು. ಆಮೇಲೆ ಬೇಕೆಂದರೆ ಎಲ್ಲಾ ಡೇಟಾ ಹೊರಗೆ ಡಂಪ್ ತೆಗೆದು ಮತ್ತೆ ತುಂಬಬೇಕು. ಸೀಜನ್ ನಡುವೆ ಯಾರಿಗೆ ಬೇಕು ಆ ರಗಳೆ!

ಈಗ ಚೀಟಿ ತಟ್ಟನೆ ಬರುತ್ತಿದೆ. ಪ್ರಿಂಟರ್ ರಿಬ್ಬನ್ ಮಸುಕಾಗಿದೆ ಅಂತ ನಿನ್ನೆ ಮತ್ತೆ ಫೋನು.