ಸಕುರಾ (ಚೆರ್ರಿ ಹೂ) ನೋಡೋಕೆ ಜಪಾನಿಗೆ ಹೋಗೋರು ಒಂದ್ಸಲ ಇದನ್ನ ಓದ್ಕೊಳ್ಳಿ

ಸಕುರಾ ಟ್ರಿಪ್ ಅಂದ ತಕ್ಷಣ ಎಲ್ಲರೂ ಕೇಳೋದು ಯಾವ ತಾರೀಖಿಗೆ ಟಿಕೆಟ್ ಮಾಡಿಸ್ಲಿ ಅಂತ. ಆರು ತಿಂಗಳು ಮುಂಚೆ ಅದನ್ನ ಹೇಳೋಕೆ ಯಾರಿಂದ್ಲೂ ಆಗಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡಿ. ಟೋಕಿಯೋ, ಕ್ಯೋಟೋ, ಒಸಾಕಾ ಕಡೆ ಸಾಮಾನ್ಯವಾಗಿ ಮಾರ್ಚ್ ಕೊನೇ ವಾರದಿಂದ ಏಪ್ರಿಲ್ ಮೊದಲ ವಾರ, ಚಳಿ ನೋಡ್ಕೊಂಡು ಹಿಂದೆ ಮುಂದೆ ಆಗುತ್ತೆ. ಮೊದಲ ಹೂ ಬಿಟ್ಟು ಪೂರ್ತಿ ಅರಳೋಕೆ ಹೆಚ್ಚುಕಮ್ಮಿ ಒಂದು ವಾರ, ಉದುರೋಕೆ ಇನ್ನೊಂದು ವಾರ, ಮಧ್ಯೆ ಜೋರು ಗಾಳಿಮಳೆ ಬಂತು ಅಂದ್ರೆ ಆ ಎರಡನೇ ವಾರ ಸಿಗಲ್ಲ.

ಊರಿಗೆ ಊರೇ ಒಟ್ಟಿಗೆ ಅರಳೋಕೆ ಕಾರಣ ಇದೆ. ಫೋಟೋಗಳಲ್ಲಿ ನೀವು ನೋಡೋ ಮರಗಳಲ್ಲಿ ಬಹುಪಾಲು ಸೊಮೇಯಿ ಯೊಶಿನೊ ಅನ್ನೋ ಒಂದೇ ತಳಿ, ಎದೋ ಕಾಲದ ಕೊನೇಲಿ, ಅಂದ್ರೆ 19ನೇ ಶತಮಾನದ ಮಧ್ಯದ ಹೊತ್ತಿಗೆ, ಈಗಿನ ಟೋಕಿಯೋದ ಕೊಮಾಗೊಮೆ ಹತ್ರ ಸೊಮೇಯಿ ಅನ್ನೋ ಹಳ್ಳಿಯ ತೋಟಗಾರರಿಂದ ಹರಡಿದ್ದು, ನಮ್ಮಲ್ಲಿ ಮಾವಿಗೆ ಕಸಿ ಕಟ್ಟೋ ಹಾಗೆ ಕಸಿ ಕಟ್ಟೇ ಬೆಳೆಸ್ತಾರೆ, ಅಂದ್ರೆ ಎಲ್ಲಾ ಒಂದೇ ಮರದ ಕ್ಲೋನ್. ಹೂ ಬಿಡೋಕೆ ಶುರುವಾಯ್ತಾ ಅಂತ ನೋಡೋಕೆ ಟೋಕಿಯೋಗೆ ಒಂದು ಸ್ಯಾಂಪಲ್ ಮರ ಇದೆ, ಅದಿರೋದು ಯಾಸುಕುನಿ ದೇಗುಲದ ಆವರಣದಲ್ಲಿ. ಹವಾಮಾನ ಇಲಾಖೆಯವರು ಬಂದು ಕೊಂಬೆ ಕೆಳಗೆ ನಿಂತು ಹೂ ಎಣಿಸ್ತಾರೆ, ಐದಾರು ಅರಳಿದ್ರೆ 'ಕೈಕಾ' (ಹೂ ಶುರು) ಅಂತ ಘೋಷಣೆ, ಟೀವಿಯವರೆಲ್ಲ ಕ್ಯಾಮೆರಾ ಹಿಡ್ಕೊಂಡು ಸುತ್ತ ನಿಂತಿರ್ತಾರೆ. 80 ಪರ್ಸೆಂಟ್ ಮೊಗ್ಗು ಅರಳಿದ್ರೆ 'ಮಂಕೈ' (ಪೂರ್ತಿ ಅರಳಿದ್ದು). ಯಾವಾಗ ಅರಳಬಹುದು ಅನ್ನೋ ಅಂದಾಜನ್ನ ಮಾತ್ರ ಈಗ ಖಾಸಗಿ ಕಂಪನಿಗಳು ಕೊಡ್ತಾವೆ, ಜನವರಿಯಿಂದ್ಲೇ ನೋಡ್ತಾ ಇರಿ.

ಹಾಗಾಗಿ ದಿನಕ್ಕೆ ಜೋತು ಬೀಳೋ ಬದ್ಲು ಜಾಗ ಬದಲಾಯಿಸೋಕೆ ರೆಡಿ ಇರಿ. ಬೇಗ ಹೋದ್ರೆ ಟೋಕಿಯೋ ನೈಋತ್ಯಕ್ಕಿರೋ ಇಜು ಕಡೆ ಕವಾಜು ಊರಲ್ಲಿ ಫೆಬ್ರವರಿಯಲ್ಲೇ ಗಾಢ ಗುಲಾಬಿ ಸಕುರಾ ಸಿಗುತ್ತೆ. ಲೇಟಾದ್ರೆ ನಾರಾದ ಯೊಶಿನೊ ಬೆಟ್ಟ, ಸುಮಾರು 30,000 ಮರ, ಬುಡದಲ್ಲಿ ಮೊದಲು ಅರಳಿ ನಿಧಾನಕ್ಕೆ ಮೇಲಕ್ಕೆ ಹತ್ತುತ್ತೆ, ಕೆಳಗೆ ಉದುರಿದ್ರೂ ಮೇಲೆ ಇರುತ್ತೆ. ಏಪ್ರಿಲ್ ಮಧ್ಯದಲ್ಲಿ ಒಸಾಕಾದ ಟಂಕಸಾಲೆಯವರು ತಮ್ಮ ಕಾಂಪೌಂಡಿನ ದಾರಿಯನ್ನ ಒಂದು ವಾರ ಜನಕ್ಕೆ ಬಿಡ್ತಾರೆ, 1883ರಿಂದ ನಡ್ಕೊಂಡು ಬಂದಿರೋದು, ಅಲ್ಲಿರೋದು ಹೆಚ್ಚಾಗಿ ಸುತ್ತುದಳದ ದಪ್ಪ ಹೂಗಳು. ಇನ್ನೂ ಲೇಟಾ? ಉತ್ತರಕ್ಕೆ ಹಿರೊಸಾಕಿ ಕೋಟೆ, ಏಪ್ರಿಲ್ ಕೊನೆ. ಅದು ಸೇಬಿನ ಸೀಮೆ, ಸೇಬಿನ ಗಿಡ ಸವರೋ ಕ್ರಮವನ್ನೇ ಸಕುರಾಗೂ ಮಾಡ್ತಾರೆ, ಅದಕ್ಕೇ ಕೊಂಬೆ ಕಾಣದಷ್ಟು ಹೂ. ನನ್ನ ಕೇಳಿದ್ರೆ ಟೋಕಿಯೋಗಿಂತ ಅದೇ ಮೇಲು, ದಳ ಉದುರಿ ಕಂದಕದ ನೀರೆಲ್ಲ ಗುಲಾಬಿ ಆಗಿರುತ್ತೆ.

ಈಗ ಹನಾಮಿ ವಿಷಯ. ಇದು ಓಡಾಡ್ಕೊಂಡು ಫೋಟೋ ಹೊಡೆಯೋ ಕಾರ್ಯಕ್ರಮ ಅಲ್ಲ, ಮರದ ಕೆಳಗೆ ಚಾಪೆ ಹಾಸಿ ಕೂತು ತಿಂದು ಹರಟೆ ಹೊಡೆಯೋದು. ಮೊದಲು ಅರಮನೆಯವರ ಮೋಜಾಗಿತ್ತು, 1598ರಲ್ಲಿ ಆಗ ಜಪಾನನ್ನ ಹಿಡಿತದಲ್ಲಿ ಇಟ್ಕೊಂಡಿದ್ದ ದಂಡನಾಯಕ ಹಿದೆಯೋಶಿ ಕ್ಯೋಟೋದ ದಾಯಿಗೊಜಿ ದೇವಸ್ಥಾನದಲ್ಲಿ ಮಾಡಿದ ಭರ್ಜರಿ ಪಾರ್ಟಿ ಇವತ್ತಿಗೂ ಫೇಮಸ್. ಜನಸಾಮಾನ್ಯರಿಗೆ ಅಂತ ಶೋಗುನ್ (ಸೇನಾ ಆಡಳಿತಗಾರ) ಯೊಶಿಮುನೆ 1720ರ ಸುಮಾರಿಗೆ ಟೋಕಿಯೋದ ಅಸುಕಯಾಮಾದಲ್ಲಿ ಮರ ನೆಡಿಸಿದ, ಅದು ಈಗ್ಲೂ ಓಜಿ ಸ್ಟೇಷನ್ ಪಕ್ಕದ ಪಾರ್ಕ್. ಟೋಕಿಯೋದ್ದೇ ಉಎನೊ ಪಾರ್ಕಿನಷ್ಟು ನೂಕುನುಗ್ಗಲು ಇಲ್ಲ ಅಲ್ಲಿ, ಮಕ್ಕಳಿದ್ರೆ ಅಲ್ಲಿಗೇ ಹೋಗಿ.

100 ಯೆನ್ ಅಂಗಡಿಯಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆ ಸಿಗುತ್ತೆ, ಬಿಚ್ಚಿ ಹಾಸಿ, ಚಪ್ಪಲಿ ಹಾಳೆ ಹೊರಗೆ. ಬೇರಿನ ಮೇಲೆ ಹಾಸಬಾರದು, ಕೊಂಬೆ ಹಿಡಿದು ಜಗ್ಗಿ ಹೂಮಳೆ ರೀಲ್ಸ್ ಮಾಡೋದಂತೂ ಬೇಡ್ವೇ ಬೇಡ. ಆಫೀಸುಗಳವರು ಹೊಸದಾಗಿ ಸೇರಿದ ಹುಡುಗನ್ನ ಬೆಳಗ್ಗೇನೇ ಕಳಿಸಿ ಜಾಗ ಹಿಡಿಸ್ತಾರೆ ಪಾಪ, ವೀಕ್‌ಡೇ ಬೆಳಗ್ಗೆ ಹೋದ್ರೆ ನಿಮಗೆ ಆ ಕಷ್ಟ ಇಲ್ಲ. ಟೋಕಿಯೋದ ಶಿಂಜುಕು ಗ್ಯೋಎನ್ ಉದ್ಯಾನದಲ್ಲಿ ಟಿಕೆಟ್ ಇದೆ, ಎಣ್ಣೆಗೆ ಅವಕಾಶ ಇಲ್ಲ, ತುಂಬಾ ತಳಿಗಳಿವೆ, ಫ್ಯಾಮಿಲಿಗೆ ಆರಾಮ. ರಾತ್ರಿ ಲಾಟೀನು ಹಚ್ಚಿರೋ ಮೆಗುರೊ ನದಿ ದಂಡೆ ಫೋಟೋದಲ್ಲಿ ಚೆಂದ, ಅಲ್ಲಿ ಹೋದ್ರೆ ಬರೀ ಮುಂದಿನವರ ಬೆನ್ನು ನೋಡ್ಕೊಂಡು ನಡೀಬೇಕು. ಸಂಜೆ ಆದ್ಮೇಲೆ ಚಳಿ ಚೆನ್ನಾಗೇ ಇರುತ್ತೆ, ಸ್ವೆಟರ್ ಮೇಲೊಂದು ಜಾಕೆಟ್ ಬೇಕು.

ಕೂತ ಮೇಲೆ ಫೋನ್ ಇಟ್ಟು ಒಂದು ಹೂ ಹತ್ರದಿಂದ ನೋಡಿ, ಐದು ದಳ, ಪ್ರತಿ ದಳದ ತುದಿ ಸಣ್ಣಗೆ ಸೀಳಿರುತ್ತೆ, ಉದ್ದ ತೊಟ್ಟಿಗೆ ಗೊಂಚಲಾಗಿ ನೇತಾಡ್ತಿರುತ್ತೆ. ಇನ್ನೂ ದಳ ಉದುರೋ ಟೈಮ್ ಆಗಿಲ್ಲ, ಆದ್ರೂ ಇಡೀ ಹೂವೇ ತಿರುಗ್ತಾ ಕೆಳಗೆ ಬಿತ್ತು ಅಂದ್ರೆ ಮೇಲೆ ನೋಡಿ, ಗುಬ್ಬಿ ಇರುತ್ತೆ, ಅದು ಬುಡ ಕಚ್ಚಿ ಮಕರಂದ ಹೀರಿ ಎಸೆಯುತ್ತೆ.

ಊಟ ಸಸ್ಯಾಹಾರಿಗಳಿಗೆ ಸ್ವಲ್ಪ ಪೀಕಲಾಟವೇ. ಬೆಂತೊ ಅನ್ನೋ ಊಟದ ಡಬ್ಬಿಯಲ್ಲಿ ತರಕಾರಿ ಕಂಡ್ರೂ ಮೀನಿನ ಸಾರಲ್ಲಿ ಬೇಯಿಸಿರ್ತಾರೆ, ತೋಫು ಚೀಲದ ಇನಾರಿ ಸುಶಿ ಕೂಡ ಸಾಮಾನ್ಯವಾಗಿ ಅದೇ ಕಥೆ. ಗುಲಾಬಿ, ಬಿಳಿ, ಹಸಿರು ಮೂರು ಬಣ್ಣದ ಹನಾಮಿ ದಾಂಗೊ ಅಕ್ಕಿಹಿಟ್ಟಿನ ಉಂಡೆ, ಅದು ಓಕೆ. ಸಕುರಾಮೋಚಿಯಲ್ಲಿ ಸಿಹಿ ಹೂರಣ, ಮೇಲೆ ಉಪ್ಪಲ್ಲಿ ನೆನೆಸಿದ ಸಕುರಾ ಎಲೆ, ಎಲೆ ಸಮೇತ ತಿನ್ನಿ, ಆ ಉಪ್ಪು ಸಿಹಿ ಸೇರಿದ್ರೇನೇ ರುಚಿ. ಹೊಟ್ಟೆ ತುಂಬೋಕೆ ಬ್ಯಾಗಲ್ಲಿ ಪುಳಿಯೋಗರೆ ಗೊಜ್ಜು ಇಟ್ಕೊಳ್ಳಿ, ಕನ್ವೀನಿಯನ್ಸ್ ಸ್ಟೋರಲ್ಲಿ ಪ್ಯಾಕೆಟ್ ಅನ್ನ ಸಿಗುತ್ತೆ, ಅಲ್ಲೇ ಬಿಸಿ ಮಾಡಿಸ್ಕೊಂಡು ಕಲಸಿದ್ರೆ ಆಯ್ತು. ಎರಡು ಕಸದ ಕವರ್ ಕೂಡ ಮರೀಬೇಡಿ, ಎಷ್ಟೋ ಪಾರ್ಕಲ್ಲಿ ಡಸ್ಟ್‌ಬಿನ್ ಸಿಗಲ್ಲ, ರೂಮಿಗೇ ಹೊತ್ಕೊಂಡು ಬರ್ಬೇಕಾಗುತ್ತೆ.