ಪಾಸ್ ಪರ್ಸೆಂಟೇಜ್ ಬದಿಗಿಟ್ಟು ತಾಲೂಕಿನ ಸರ್ಕಾರಿ ಹೈಸ್ಕೂಲುಗಳನ್ನು ಹೋಲಿಸಿದ ನನ್ನ ಅನುಭವ

ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಇರುವಾಗ ಬೇರೆ ಲೆಕ್ಕ ಯಾಕೆ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಕೇಳಿದರು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳೂ (ಸಿಆರ್‌ಪಿ) ಕೇಳಿದರು. ಮೂರನೇ ವರ್ಷಕ್ಕೆ ಲೆಕ್ಕ ಕೂಡಿಬಂತು. ಸುಮಾರು 38 ಶಾಲೆಗಳ ಪಟ್ಟಿಯಲ್ಲಿ ಮೇಲಿನ ಹತ್ತರೊಳಗಿದ್ದ ನಾಲ್ಕು ಶಾಲೆ ಕೆಳಗಿಳಿದವು, ಯಾರೂ ಲೆಕ್ಕಕ್ಕೆ ಹಿಡಿಯದ ಗಡಿಭಾಗದ ಶಾಲೆಯೊಂದು ಮೂರನೇ ಸ್ಥಾನಕ್ಕೆ ಬಂತು. ಅನುಮಾನಪಟ್ಟ ಮುಖ್ಯ ಶಿಕ್ಷಕರೇ ದಾಖಲಾತಿ ಪುಸ್ತಕ ತೆಗೆದು ತಾಳೆ ನೋಡಿದರು. ಎರಡು ಮಕ್ಕಳ ವ್ಯತ್ಯಾಸ ಬಿಟ್ಟರೆ ಎಲ್ಲ ಸರಿಯಿತ್ತು.

ಮೊದಲು ಯಾರನ್ನು ಹೊರಗಿಡಬೇಕು ಎಂಬುದು ಮುಖ್ಯ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳು ಆರನೇ ತರಗತಿಗೇ ಪ್ರವೇಶ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಅವನ್ನು ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆಯ ಪಕ್ಕ ನಿಲ್ಲಿಸುವುದು ಅನ್ಯಾಯ. ಅನುದಾನಿತ ಶಾಲೆಗಳಿಗೆ ಬೇರೆ ಹಾಳೆ. ಕರ್ನಾಟಕ ಪಬ್ಲಿಕ್ ಸ್ಕೂಲ್ (ಕೆಪಿಎಸ್) ಇದ್ದರೆ ಅದರ ಪ್ರೌಢ ವಿಭಾಗ ಮಾತ್ರ.

ಮೊದಲ ಸೋಲು ವರ್ಷಗಳನ್ನು ಬೆರೆಸಿದ್ದರಿಂದ ಆಯಿತು. ರಾಜ್ಯದ ಫಲಿತಾಂಶ 2023ರಲ್ಲಿ ಶೇ 83.89, 2024ರಲ್ಲಿ 73.40, 2025ರ ಮೊದಲ ಪರೀಕ್ಷೆಯಲ್ಲಿ (ಪರೀಕ್ಷೆ-1) 62.34. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ, ಅದೇ ವರ್ಷ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು, ಮರುವರ್ಷ ಅದು ಇರಲಿಲ್ಲ. ಶಾಲೆ ಕೆಟ್ಟಿತೋ ನಿಯಮ ಬದಲಾಯಿತೋ ಇದರಲ್ಲಿ ಗೊತ್ತಾಗುವುದಿಲ್ಲ. ಈಗ ಆಯಾ ವರ್ಷದ ತಾಲೂಕಿನ ಶಾಲೆಗಳನ್ನು ಸಾಲಾಗಿಟ್ಟಾಗ ನಡುವೆ ಬರುವ ಶಾಲೆಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದನ್ನಷ್ಟೇ ಬರೆದುಕೊಳ್ಳುತ್ತೇನೆ. ಕೋವಿಡ್ ಕಾಲದ 2021ರದ್ದು ಪೂರ್ತಿ ಕೈಬಿಟ್ಟೆ. 14 ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಫೇಲಾದರೆ ಶೇ 7 ಹೋಗುತ್ತದೆ, ಆದ್ದರಿಂದ 30ಕ್ಕಿಂತ ಕಡಿಮೆ ಮಕ್ಕಳಿರುವಲ್ಲಿ ಮೂರು ವರ್ಷ ಕೂಡಿಸಿ ಒಂದೇ ಗುಂಪು ಮಾಡುತ್ತೇನೆ.

ಎಲ್ಲರೂ ತಪ್ಪುವುದು ಮುಂದಿನ ಹಂತದಲ್ಲಿ. ಪರೀಕ್ಷೆಗೆ ಕೂತವರನ್ನಲ್ಲ, ಎಂಟನೇ ತರಗತಿಗೆ ಸೇರಿದವರನ್ನು ಕೆಳಗಿಟ್ಟು ಭಾಗಿಸಬೇಕು. ಒಂದು ಶಾಲೆಗೆ 62 ಮಕ್ಕಳು ಸೇರಿದ್ದರು, ಹತ್ತನೇ ಪರೀಕ್ಷೆಗೆ ಕೂತವರು 41, ಪಾಸಾದವರು 40. ಗೋಡೆಯ ಫಲಕದಲ್ಲಿ ಶೇ 97.56. ಪಕ್ಕದ ಹೋಬಳಿಯ ಶಾಲೆಯಲ್ಲಿ 58 ಸೇರಿ, 55 ಕೂತು, 46 ಪಾಸು. ಫಲಕದಲ್ಲಿ ಶೇ 84ರ ಆಸುಪಾಸು. ಸೇರಿದವರ ಲೆಕ್ಕ ಹಿಡಿದರೆ ಮೊದಲನೆಯದು ಶೇ 65, ಎರಡನೆಯದು ಶೇ 79. ನಡುವೆ ಕಳೆದುಹೋದ ಆ 21 ಮಕ್ಕಳು ಯಾವ ಫಲಕದಲ್ಲೂ ಇಲ್ಲ, ನನಗೆ ಬೇಕಾದವರು ಅವರೇ.

ಇದರಲ್ಲೂ ಎರಡು ಸಲ ಎಡವಿದೆ. ಟಿಸಿ ತೆಗೆದುಕೊಂಡವರನ್ನೆಲ್ಲ ಶಾಲೆ ಬಿಟ್ಟವರೆಂದು ಎಣಿಸಿದ್ದು ಒಂದು. ಮಕ್ಕಳ ದಾಖಲಾತಿಯ ಸರ್ಕಾರಿ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಬೇರೆ ಶಾಲೆಗೆ ದಾಖಲಾದವರನ್ನು ಕಳೆದ ಮೇಲೆಯೇ ಸಂಖ್ಯೆ ಸರಿಯಾಗುವುದು, ಮೇಲಿನ 62 ಹಾಗೆ ಕಳೆದು ಉಳಿದದ್ದು. ಇನ್ನೊಂದು, ಎಂಟನೇ ತರಗತಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ನಡೆಯುವ ಊರುಗಳು. ಅಲ್ಲಿನ ಮಕ್ಕಳು ಹೈಸ್ಕೂಲಿಗೆ ಬರುವುದೇ ಒಂಬತ್ತಕ್ಕೆ, ಆ ಶಾಲೆಗಳಿಗೆ ಒಂಬತ್ತರಿಂದ ಲೆಕ್ಕ. ದಾಖಲಾತಿಗೆ ಜೂನ್ ಸಂಖ್ಯೆ ನಂಬಬೇಡಿ, ದೇಶದ ಶಾಲಾ ಮಾಹಿತಿ ವ್ಯವಸ್ಥೆಯಾದ ಯು-ಡೈಸ್‌ನ ಸೆಪ್ಟೆಂಬರ್ 30ರದ್ದೇ ಹಿಡಿಯಿರಿ. ಮರುಪರೀಕ್ಷಾರ್ಥಿಗಳನ್ನು, ಖಾಸಗಿ ಅಭ್ಯರ್ಥಿಗಳನ್ನು ತೆಗೆದುಹಾಕಿ. ಅದೇ ವರ್ಷದ ಮುಂದಿನ ಪರೀಕ್ಷೆಗಳಲ್ಲಿ ಪಾಸಾದವರಿಗೆ ಪಕ್ಕದಲ್ಲಿ ಬೇರೆ ಕಾಲಂ.

625ರ ಒಟ್ಟು ಅಂಕ ಏನನ್ನೂ ಹೇಳುವುದಿಲ್ಲ. ಆಂತರಿಕ ಮೌಲ್ಯಮಾಪನದ 20 ಹೆಚ್ಚುಕಡಿಮೆ ಎಲ್ಲರಿಗೂ ಪೂರ್ತಿ ಸಿಗುತ್ತದೆ, ಪ್ರಥಮ ಭಾಷೆಯ 125 ಉಳಿದದ್ದನ್ನು ಮುಚ್ಚಿಹಾಕುತ್ತದೆ. ಗಣಿತ, ವಿಜ್ಞಾನಗಳ ಲಿಖಿತ 80 ಮಾತ್ರ ತೆಗೆದುಕೊಂಡು, ಸರಾಸರಿ ಬಿಟ್ಟು ತರಗತಿಯ ನಡುವಣ ಮಗುವಿನ ಅಂಕ ನೋಡಿದೆ. ಆಗ ಶಾಲೆಗಳು ಬೇರೆ ಬೇರೆಯಾಗಿ ಕಾಣತೊಡಗಿದವು.

ಈ ದಾಖಲೆಗಳನ್ನು ಪಡೆಯಲು ಹಾಕುವ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಲ್ಲವನ್ನೂ ಒಂದರಲ್ಲೇ ತುರುಕಿದ ಮೊದಲ ಅರ್ಜಿ ವಾಪಸ್ ಬಂತು. ಮಕ್ಕಳವಾರು ಅಂಕ ಕೇಳಿದ ಎರಡನೆಯದನ್ನು ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಡುವ ಸೆಕ್ಷನ್ 8(1)(ಜೆ) ಹೇಳಿ ತಿರಸ್ಕರಿಸಿದರು. ಹೆಸರು, ನೋಂದಣಿ ಸಂಖ್ಯೆ ಬೇಡ, ಅಂಕ ಮಾತ್ರ ಸಾಕು ಎಂದು ಬರೆದ ಮೇಲೆ ಸಿಕ್ಕಿತು. ಒಂದು ಕಚೇರಿ 30 ದಿನ ದಾಟಿಸಿತು, ತಡವಾದರೆ ಶುಲ್ಕವಿಲ್ಲ ಎನ್ನುವ ಸೆಕ್ಷನ್ 7(6)ರ ಪ್ರಕಾರ ಆ ಕಟ್ಟು ಉಚಿತವಾಗಿ ಬಂತು. ಎಲ್ಲ ಸೇರಿ 4 ಸಾವಿರದ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಟೈಪಿಂಗ್‌ಗೆ. ಪರೀಕ್ಷಾ ಮಂಡಳಿಯ ಶಾಲಾ ಸಂಕೇತಕ್ಕೂ ಯು-ಡೈಸ್‌ನ 11 ಅಂಕಿಯ ಸಂಕೇತಕ್ಕೂ ಸಂಬಂಧವಿಲ್ಲ, ಜೋಡಿಸುವ ಪಟ್ಟಿ ಕೈಯಲ್ಲೇ ಮಾಡಬೇಕು. ಒಂದೇ ಹೆಸರಿನ ಎರಡು ಹಳ್ಳಿಗಳಿದ್ದು ಒಂದು ತಿಂಗಳ ಕೆಲಸ ಹಾಳಾಯಿತು. ಮಧುಗಿರಿ, ಚಿಕ್ಕೋಡಿ, ಶಿರಸಿ ಕಡೆಯವರು ಶೈಕ್ಷಣಿಕ ಜಿಲ್ಲೆ ಬೇರೆ, ಕಂದಾಯ ಜಿಲ್ಲೆ ಬೇರೆ ಎಂಬುದನ್ನು ಮರೆಯದಿರಿ.

ಶಿಕ್ಷಕರ ವಿಷಯದಲ್ಲಿ ಮಂಜೂರಾದ ಹುದ್ದೆಯ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರು ಪಟ್ಟಿಯಲ್ಲಿರುತ್ತಾರೆ, ನಿಯೋಜನೆ ಮೇಲೆ ಬೇರೆಡೆ ಇರುತ್ತಾರೆ. ಅತಿಥಿ ಶಿಕ್ಷಕರ ಗೌರವಧನದ ಬಿಲ್ಲುಗಳನ್ನು ಕೇಳಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಯಾರು ಗಣಿತ ಹೇಳಿಕೊಟ್ಟರು ಎಂಬುದು ಅದರಲ್ಲಿ ಸ್ಪಷ್ಟ. ಗಣಿತ ಶಿಕ್ಷಕರಿಲ್ಲದ ತಿಂಗಳುಗಳನ್ನು ಅಂಕಕ್ಕೆ ಹೇಗೆ ಹೊಂದಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಇನ್ನೊಂದು ತಾಲೂಕಿನಲ್ಲಿ ಪರೀಕ್ಷಿಸಬೇಕಿದೆ.

ನಡುವೆ ಬಸ್ ನಿಲ್ದಾಣದಿಂದ ಶಾಲೆಗಿರುವ ದೂರವನ್ನೂ ಅಳೆದು ನೋಡಿದೆ, ಅಂಕಕ್ಕೂ ಅದಕ್ಕೂ ನಂಟು ಕಾಣಲಿಲ್ಲ. ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಮಾತ್ರ ಕೈಹಿಡಿಯಿತು. ಎಂಟನೇ ತರಗತಿಯ ಆ ಪರೀಕ್ಷೆ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೇ ಮೀಸಲು, ಆಯ್ಕೆಯಾದವರಿಗೆ ವರ್ಷಕ್ಕೆ 12,000 ರೂಪಾಯಿ. ಎಷ್ಟು ಮಕ್ಕಳನ್ನು ಕೂರಿಸಿದರು ಎಂಬುದನ್ನು ಆಯ್ಕೆಯಾದವರ ಸಂಖ್ಯೆಗಿಂತ ಮೊದಲು ನೋಡಿ. ಎಂಟರಲ್ಲಿ ಅರ್ಧದಷ್ಟು ಮಕ್ಕಳಿಂದ ಅರ್ಜಿ ಹಾಕಿಸಿದ ಐದಾರು ಶಾಲೆಗಳಲ್ಲಿ ಒಂದೆರಡನ್ನು ಬಿಟ್ಟರೆ ಉಳಿದವೆಲ್ಲ, ಎರಡು ವರ್ಷದ ನಂತರ ನನ್ನ ಪಟ್ಟಿಯ ಮೇಲಿನ ಅರ್ಧದಲ್ಲಿದ್ದವು.